ತ್ರಿಶೂಲಿ ನದಿಯಲ್ಲಿ ಒಂದು ದಿನದ ರಾಫ್ಟಿಂಗ್: ಒಬ್ಬರೇ ಹೋಗುವವರ ಕಣ್ಣಿನಿಂದ

ಕಠ್ಮಂಡುವಿನ ಥಮೇಲ್ ಓಣಿಗಳಲ್ಲಿ ತ್ರಿಶೂಲಿ ನದಿಯ ಒಂದು ದಿನದ ರಾಫ್ಟಿಂಗ್ ಮಾರುವ ಅಂಗಡಿಗಳಿಗೆ ಲೆಕ್ಕವಿಲ್ಲ. ಅಕ್ಟೋಬರ್ ಕೊನೆಯ ವಾರ ಒಬ್ಬಳೇ ನೇಪಾಳ ಸುತ್ತುತ್ತಿದ್ದ ನಾನು ಅಂಥದೊಂದು ಅಂಗಡಿಯಲ್ಲಿ ಹಣ ಕಟ್ಟಿದೆ. ಬೆಳಿಗ್ಗೆ ಬಸ್ಸಿನಲ್ಲಿ ನದಿಯವರೆಗೆ ಕರೆದೊಯ್ಯುವುದು, ಮೂರು ಗಂಟೆಯಷ್ಟು ರಾಫ್ಟಿಂಗ್ ಮಾಡಿಸುವುದು, ಊಟ ಹಾಕುವುದು, ಸಂಜೆ ಪೋಖರಾ ಕಡೆಯ ಬಸ್ಸಿಗೆ ಹತ್ತಿಸುವುದು ಒಪ್ಪಂದ. ನೀರಿನ ಮೇಲಿನ ಕೆಲಸವನ್ನು ಅವರು ಅಚ್ಚುಕಟ್ಟಾಗಿ ಮಾಡಿದರು. ನೆಲದ ಮೇಲಿನದಕ್ಕೆ ಆ ಮಾತು ಹೇಳಲಾರೆ.

ದರ ಕೇಳುವಾಗ ಭಾರತೀಯರು ಒಂದು ಎಚ್ಚರ ವಹಿಸಬೇಕು. ಅಲ್ಲಿಯವರೂ ‘ರೂಪಾಯಿ’ ಎಂದೇ ಹೇಳುತ್ತಾರೆ, ಆದರೆ ನಮ್ಮ 100 ರೂಪಾಯಿ ಅಲ್ಲಿನ 160ಕ್ಕೆ ಸಮ. ‘ಐಸಿಯೋ ಎನ್‌ಸಿಯೋ’ ಎಂದು, ಅಂದರೆ ಭಾರತದ ಹಣವೋ ನೇಪಾಳದ ಹಣವೋ ಎಂದು, ಮೊದಲೇ ಕೇಳಿ ರಸೀದಿಯ ಮೇಲೆ ಬರೆಸಿಕೊಂಡರೆ ಸಂಜೆಯ ಜಗಳ ತಪ್ಪುತ್ತದೆ.

ಪೃಥ್ವಿ ಹೆದ್ದಾರಿಯ ಪ್ರಯಾಣದಲ್ಲಿ ಧೂಳಿನ ಹೊರತು ಹೇಳುವಂಥದ್ದೇನೂ ಇಲ್ಲ. ಚರೌಡಿಯ ಬಳಿ ದಂಡೆಗೆ ಇಳಿದಾಗ ನನ್ನ ಪಾಲಿಗೆ ಬಂದದ್ದು ಐವರು ಗೆಳೆಯರ ಒಂದು ತಂಡ, ನಾನು ಆರನೆಯವಳು. ಒಬ್ಬರೇ ಹೋದವರಿಗೆ ಇದು ಸಾಮಾನ್ಯವಾಗಿ ಆಗುವಂಥದ್ದೇ. ಬೇರೆಯವರು ಒಬ್ಬರನ್ನೊಬ್ಬರು ನೋಡಿಕೊಳ್ಳುತ್ತಾರೆ, ನಮ್ಮನ್ನು ನೋಡಿಕೊಳ್ಳುವವರು ಗೈಡ್ ಒಬ್ಬರೇ. ಆದ್ದರಿಂದ ಈ ಸೇವೆಯ ಬೆಲೆಯನ್ನು ನಾನು ಗೈಡ್‌ನಿಂದಲೇ ಅಳೆಯುತ್ತೇನೆ.

ನಮ್ಮ ಗೈಡ್ ಎಲ್ಲರ ಲೈಫ್ ಜಾಕೆಟ್ಟಿನ ಭುಜದ ಪಟ್ಟಿಗಳನ್ನು ಎರಡೂ ಕೈಯಿಂದ ಮೇಲಕ್ಕೆಳೆದು ನೋಡಿದರು. ನನ್ನದು ಗಲ್ಲದವರೆಗೂ ಜಾರಿ ಬಂದಾಗ, “ದಿದಿ, ಇದು ಬೇಡ” ಎಂದು ಬಿಚ್ಚಿಸಿ ಚಿಕ್ಕದೊಂದನ್ನು ತೊಡಿಸಿ, ಮತ್ತೊಮ್ಮೆ ಎಳೆದು ನೋಡಿದರು. ಹುಟ್ಟಿನ ತುದಿಯ ಅಡ್ಡಹಿಡಿಯನ್ನು ಯಾವ ಕಾರಣಕ್ಕೂ ಬಿಡಕೂಡದು, ಬಿಟ್ಟರೆ ಅದು ಪಕ್ಕದವರ ಹಲ್ಲಿಗೆ ಬಡಿಯುತ್ತದೆ ಎಂದರು. ನೀರಿಗೆ ಬಿದ್ದರೆ ಅಂಗಾತ ಮಲಗಿ ಕಾಲುಗಳನ್ನು ಪ್ರವಾಹದ ದಿಕ್ಕಿಗೆ ಮೇಲೆತ್ತಿ ಇಟ್ಟುಕೊಳ್ಳಬೇಕು. ನೆಲ ಸಿಕ್ಕಿತೆಂದು ಎದ್ದು ನಿಲ್ಲಲು ಹೋದರೆ ಪಾದ ಬಂಡೆಗಳ ನಡುವೆ ಸಿಕ್ಕಿಕೊಂಡು, ಹಿಂದಿನಿಂದ ನುಗ್ಗುವ ನೀರು ಮನುಷ್ಯನನ್ನು ಮುಂದಕ್ಕೆ ಬಗ್ಗಿಸಿ ಮುಳುಗಿಸುತ್ತದೆ ಎಂಬುದನ್ನು ಅವರು ದಡದ ಎರಡು ಕಲ್ಲುಗಳ ನಡುವೆ ತಮ್ಮ ಕಾಲನ್ನೇ ಇಟ್ಟು ತೋರಿಸಿದರು. ಆಮೇಲೆ ನನ್ನನ್ನು ಹಿಂದಿನ ಸಾಲಿನಲ್ಲಿ, ತಮ್ಮ ಕೈಗೆ ಎಟಕುವಲ್ಲಿ ಕೂರಿಸಿದರು.

ನದಿಗಳ ರಭಸವನ್ನು 1ರಿಂದ (ತೀರ ಶಾಂತ) 6ರವರೆಗೆ (ತೀರ ಅಪಾಯಕಾರಿ) ಅಳೆಯುವ ಕ್ರಮದಲ್ಲಿ ಈ ಭಾಗ ಹೆಚ್ಚಾಗಿ 2 ಮತ್ತು 3ರ ನಡುವೆ ಬರುತ್ತದೆ. ಮಳೆಗಾಲದ ಮಾತು ಬೇರೆ, ಆಗ ಇದೇ ನದಿ ಹೊಸಬರಿಗೆ ತಕ್ಕದ್ದಲ್ಲ. ‘ಅಪ್‌ಸೆಟ್’ ಎಂಬ ಹೆಸರಿನ, ನೀರು ಬಂಡೆಗಳ ನಡುವೆ ರಭಸದಿಂದ ನುಗ್ಗುವ ರ‍್ಯಾಪಿಡ್‌ನಲ್ಲಿ ರಾಫ್ಟಿನ ಮೂತಿ ಮೇಲೆದ್ದು ಕೆಳಗೆ ಬಡಿದಾಗ ಮುಂದಿನ ಸಾಲಿನ ಹುಡುಗನೊಬ್ಬ ನೀರಿಗೆ ಹೋದ. ಜೊತೆಯಲ್ಲಿ ಕಯಾಕ್ ಎಂಬ ಒಬ್ಬರು ಕೂರುವ ಸಣ್ಣ ದೋಣಿಯಲ್ಲಿ ಬರುತ್ತಿದ್ದವನು ಅವನನ್ನು ನಮ್ಮ ಕಡೆಗೆ ತಂದ. ಗೈಡ್ ಅವನ ಜಾಕೆಟ್ಟಿನ ಭುಜ ಹಿಡಿದು, ಒಮ್ಮೆ ನೀರೊಳಗೆ ಅದುಮಿ, ಮರುಕ್ಷಣ ಒಳಗೆಳೆದು ಹಾಕಿದರು. ಹಿಡಿದ ಹುಟ್ಟನ್ನು ಆ ಹುಡುಗ ಬಿಟ್ಟಿರಲಿಲ್ಲ. ಇಂಥ ರಕ್ಷಣಾ ಕಯಾಕ್ ಎಲ್ಲ ಕಂಪನಿಗಳೂ ಕಳಿಸುವುದಿಲ್ಲವಾದ್ದರಿಂದ, ಹಣ ಕಟ್ಟುವ ಮೊದಲು ಕೇಳಲೇಬೇಕಾದ ಪ್ರಶ್ನೆ ಇದು. ಪ್ರಯಾಣ ವಿಮೆ ಇದ್ದವರು ಅದರಲ್ಲಿ ಸಾಹಸ ಕ್ರೀಡೆ ಸೇರಿದೆಯೇ ಎಂದೂ ನೋಡಿಕೊಳ್ಳಬೇಕು, ಹಲವು ಪಾಲಿಸಿಗಳಲ್ಲಿ ಸೇರಿರುವುದಿಲ್ಲ.

ಇನ್ನು ನೆಲದ ಮೇಲಿನ ಸಂಗತಿ. ದಾಲ್‌ಭಾತ್ ಬಿಸಿಯಾಗಿತ್ತು, ಬಡಿಸುವವರು ಧಾರಾಳಿಗಳು. ಆದರೆ ಬಟ್ಟೆ ಬದಲಿಸಲು ಕೊಟ್ಟ ತಗಡಿನ ಕೋಣೆಗೆ ಅಗಳಿ ಇರಲಿಲ್ಲ. ಗೆಳತಿಯರೊಂದಿಗೆ ಬಂದವರು ಒಬ್ಬರನ್ನು ಬಾಗಿಲಿಗೆ ನಿಲ್ಲಿಸಬಹುದು. ನಾನು ಒಂದು ಕಾಲಿನಿಂದ ಬಾಗಿಲನ್ನು ಒತ್ತಿಹಿಡಿದು, ಇನ್ನೊಂದು ಕಾಲಿನಲ್ಲಿ ಒದ್ದೆ ಪ್ಯಾಂಟಿನೊಡನೆ ಗುದ್ದಾಡಿದೆ. ಪಾಸ್‌ಪೋರ್ಟ್ ಸಮೇತ ನನ್ನ ಚೀಲ ಅಷ್ಟು ಹೊತ್ತೂ ಬೀಗವಿಲ್ಲದ ಬಸ್ಸಿನಲ್ಲೇ ಇತ್ತು. ಏನೂ ಕಳೆಯಲಿಲ್ಲ ನಿಜ, ಆದರೆ ಅದು ಅವರ ಏರ್ಪಾಡಿನ ಗುಣವಲ್ಲ, ನನ್ನ ಅದೃಷ್ಟ.

ಪೋಖರಾ ಬಸ್ಸಿನಲ್ಲಿ ಸೀಟು ಕಾದಿರಿಸಿದೆ ಎಂದಿದ್ದ ಏಜೆಂಟರ ಫೋನ್ ಸಂಜೆ ಸ್ವಿಚ್ ಆಫ್ ಆಗಿತ್ತು. ಹೆದ್ದಾರಿಯ ಬದಿಯಲ್ಲಿ ಒಂದೂವರೆ ಗಂಟೆ ನಿಂತ ಮೇಲೆ, ತನ್ನ ಕೆಲಸವಲ್ಲದಿದ್ದರೂ ಅದೇ ಗೈಡ್ ಬಂದು, ಕೈ ಅಡ್ಡ ಹಿಡಿದು ಬಸ್ಸೊಂದನ್ನು ನಿಲ್ಲಿಸಿ, ಕಂಡಕ್ಟರ್‌ಗೆ ನೇಪಾಳಿಯಲ್ಲಿ ಏನೋ ಹೇಳಿ ಕಿಟಕಿಯ ಪಕ್ಕದ ಸೀಟು ಕೊಡಿಸಿದರು. ಟಿಕೆಟ್ಟಿನ ಹಣವನ್ನು ನಾನೇ ಮತ್ತೆ ಕೊಡಬೇಕಾಯಿತು. ಅದನ್ನು ಮರಳಿಸುವಂತೆ ಏಜೆಂಟರಿಗೆ ವಾಟ್ಸ್ಆ್ಯಪ್‌ನಲ್ಲಿ ಬರೆದಿದ್ದೇನೆ. ನೀಲಿ ಗುರುತು ಬಿದ್ದು ಹತ್ತು ದಿನವಾಯಿತು.