ಸಿಯೆನಾ ಅಥವಾ ಸಾನ್ ಜಿಮಿನ್ಯಾನೋ: ಕಾರು ಬುಕ್ ಮಾಡುವ ಮೊದಲು ಇದನ್ನು ಓದಿ

ಕಳೆದ ವಾರ ಇಟಲಿಯಿಂದ ಮೂರನೇ ಲಕೋಟೆ ಬಂತು. ನಾವು ಪ್ರವಾಸ ಮುಗಿಸಿ ಮೈಸೂರಿಗೆ ಬಂದು ಎಂಟು ತಿಂಗಳಾಗಿದೆ. ಮೂರೂ ಬಾಡಿಗೆ ಕಾರಿನ ದಂಡದ ನೋಟೀಸುಗಳೇ. ಮೂರೂ ಒಂದೇ ದಿನದ್ದು, ಅದೂ ಅರ್ಧ ಗಂಟೆಯ ಒಳಗೆ ಆದದ್ದು. ಅಲ್ಲಿನ ಟಸ್ಕನಿ ಪ್ರಾಂತ್ಯದ ಕಡೆ ಹೊರಟಿರುವವರು ದಯವಿಟ್ಟು ಪೂರ್ತಿ ಓದಿ.

ಫ್ಲಾರೆನ್ಸ್ ಆದ ಮೇಲೆ ನಮಗೆ ಎರಡು ರಾತ್ರಿ ಉಳಿದಿತ್ತು. ಸಿಯೆನಾದಲ್ಲಿ ಇರೋಣ ಅಂತ ನಾನು, ಸಾನ್ ಜಿಮಿನ್ಯಾನೋದಲ್ಲಿ ಅಂತ ನಮ್ಮನೆಯವರು. ಎರಡೂ ಗುಡ್ಡದ ಮೇಲಿನ ಹಳೇ ಕೋಟೆ ಊರುಗಳು, ಎರಡೂ ಯುನೆಸ್ಕೋ ಪಟ್ಟಿಯಲ್ಲಿವೆ. ಸಾನ್ ಜಿಮಿನ್ಯಾನೋ ತೀರಾ ಚಿಕ್ಕದು. ಅಲ್ಲಿನ ಶ್ರೀಮಂತ ಮನೆತನಗಳು ನಾ ಮೇಲು ತಾ ಮೇಲು ಅಂತ ಪೈಪೋಟಿಗೆ ಬಿದ್ದು 72 ಗೋಪುರ ಕಟ್ಟಿದ್ದರಂತೆ. ಈಗ 14 ನಿಂತಿವೆ. ಫೋಟೋ ನೋಡಿದರೆ ಯಾರಿಗಾದರೂ ಅಲ್ಲೇ ಇರಬೇಕು ಅನ್ನಿಸುತ್ತದೆ. ನಾನೂ ಒಪ್ಪಿದೆ.

ಆದರೆ ಆ ಊರಿಗೆ ರೈಲಿಲ್ಲ. ಪೊಜ್ಜಿಬೊನ್ಸಿಯಲ್ಲಿ ಇಳಿದು ಬಸ್ ಹಿಡಿಯಬೇಕು. ಅತ್ತೆಗೆ ಮಂಡಿ ನೋವು, ಲಗೇಜ್ ಬೇರೆ. ಹಾಗಾಗಿ ಕಾರು ಬಾಡಿಗೆಗೆ ತಗೊಂಡೆವು. ಎಡವಿದ್ದು ಅಲ್ಲೇ.

ಎರಡನೇ ದಿನ ಸಿಯೆನಾ ನೋಡಲು ಹೊರಟೆವು. ಫೋನಿನ ಮ್ಯಾಪ್ ಹೇಳಿದ ಕಡೆಗೇ ತಿರುಗುತ್ತಾ ಹೋದೆವು. ಒಂದು ಕಡೆ ಬಿಳಿ ಬೋರ್ಡಿನಲ್ಲಿ ಕೆಂಪು ವೃತ್ತ, ಪಕ್ಕದಲ್ಲಿ ಲೈಟಿನ ಅಕ್ಷರ: ‘ವಾರ್ಕೋ ಅತ್ತಿವೋ’.

“ರೀ, ಇಲ್ಲೇನೋ ಬರೆದಿದೆ ನೋಡಿ,” ಅಂದೆ.

“ಆಕ್ಟಿವ್ ಅಂತ ತಾನೆ? ಗೇಟು ತೆರೆದಿದೆ ಅಂತಿರಬೇಕು ಕಣೆ,” ಅಂದರು.

ಅರ್ಥ ಪೂರ್ತಿ ಉಲ್ಟಾ. ಕ್ಯಾಮೆರಾ ಚಾಲೂ ಇದೆ, ಪರ್ಮಿಟ್ ಇಲ್ಲದ ಗಾಡಿ ಒಳಗೆ ಬರಬೇಡಿ ಅಂತ. ‘ನೋನ್ ಅತ್ತಿವೋ’ ಅಂತಿದ್ದರೆ ಮಾತ್ರ ಹೋಗಬಹುದು. ಇಂಥ ಜಾಗಕ್ಕೆ ಅಲ್ಲಿ ಝಡ್‌ಟಿಎಲ್ ಅನ್ನುತ್ತಾರೆ, ಅಂದರೆ ಗಾಡಿ ಓಡಾಟಕ್ಕೆ ಮಿತಿ ಇರುವ ಜಾಗ. ಇಟಲಿಯ ಎಷ್ಟೋ ಹಳೇ ಊರುಗಳಲ್ಲಿ ಇದೇ ಕಥೆ. ಯಾರೂ ಅಡ್ಡ ಹಾಕುವುದಿಲ್ಲ, ವಿಸಿಲ್ ಊದುವುದಿಲ್ಲ. ನಂಬರ್ ಪ್ಲೇಟಿನ ಫೋಟೋ ಬೀಳುತ್ತದೆ, ಅಷ್ಟೇ. ಪಾರ್ಕಿಂಗ್ ಹುಡುಕುತ್ತಾ ನಾವು ಹೊರಗೆ ಬಂದು ಮತ್ತೆ ಮತ್ತೆ ಒಳಗೆ ಹೋದೆವು. ಒಳಗೆ ಹೋದ ಪ್ರತಿ ಸಲಕ್ಕೂ ಬೇರೆ ಬೇರೆ ದಂಡ.

ಮೊದಲು ಕಾರಿನ ಕಂಪನಿಯವರು ಕಾರ್ಡಿನಿಂದ ಮೂರು ಸಲ 45 ಯೂರೋ ತೆಗೆದುಕೊಂಡರು. ಇದೇ ದಂಡ, ಮುಗೀತು ಅಂದುಕೊಂಡೆವು. ಅದು ನಮ್ಮ ಹೆಸರು, ವಿಳಾಸವನ್ನು ಪೊಲೀಸರಿಗೆ ಕೊಟ್ಟಿದ್ದಕ್ಕೆ ಫೀಸು! ನಿಜವಾದ ದಂಡ ಆಮೇಲೆ ಬಂತು, ಒಂದೊಂದು 100 ಯೂರೋ ಹತ್ತಿರ. ಹೊರದೇಶದವರಿಗೆ ನೋಟೀಸು ಕಳಿಸಲು ಅವರಿಗೆ 360 ದಿನ ಟೈಮ್ ಇದೆ. ಕೈಗೆ ಸಿಕ್ಕ 5 ದಿನದೊಳಗೆ ಕಟ್ಟಿದರೆ 30% ಕಡಿಮೆ. ನಮಗೆ ಅದು ಗೊತ್ತಾಗುವಷ್ಟರಲ್ಲಿ ಎರಡು ನೋಟೀಸಿನ ಗಡುವು ದಾಟಿತ್ತು.

ದುಡ್ಡಿಗಿಂತ ನನಗೆ ಹೊಟ್ಟೆ ಉರಿದದ್ದು ಇನ್ನೊಂದಕ್ಕೆ. ಸಿಯೆನಾದ ಕಾಂಪೋ ಚೌಕ ಚಿಪ್ಪಿನ ಆಕಾರದಲ್ಲಿ ಇಳಿಜಾರಾಗಿದೆ, ಪೂರ್ತಿ ಇಟ್ಟಿಗೆ ಹಾಸು. ಜನ ಅದರ ಮೇಲೇ ಕೂತು, ಮಲಗಿ, ತಿಂಡಿ ತಿನ್ನುತ್ತಿದ್ದರು. ಅತ್ತೆಯೂ ಕೂತರು. ಬಿಸಿಲಿಗೆ ಕಾದ ಇಟ್ಟಿಗೆ ಮಂಡಿಗೆ ಹಿತವಾಗಿತ್ತಂತೆ. “ಸಂಜೆವರೆಗೂ ಇಲ್ಲೇ ಇರೋಣ ಕಣಮ್ಮ,” ಅಂದರು. ಪಾರ್ಕಿಂಗ್ ಟೈಮ್ ಮುಗಿಯುತ್ತೆ ಅಂತ ನಲವತ್ತೇ ನಿಮಿಷಕ್ಕೆ ಎಬ್ಬಿಸಿದೆವು. ಡ್ಯುಓಮೋ ಚರ್ಚಿನ ಪಕ್ಕ ಅರ್ಧಕ್ಕೆ ನಿಂತ ದೊಡ್ಡ ಗೋಡೆ ಇದೆ. 1348ರ ಪ್ಲೇಗಿನಿಂದ ನಿಂತುಹೋದ ಕೆಲಸ ಅದು. ಅದನ್ನು ದೂರದಿಂದಲೇ ನೋಡಿದೆವು.

ಸಾನ್ ಜಿಮಿನ್ಯಾನೋ ಚೆನ್ನಾಗಿಲ್ಲ ಅಂತ ನಾನು ಹೇಳುವುದಿಲ್ಲ. ಹಗಲು ಹೊತ್ತು ಟೂರಿಸ್ಟ್ ಬಸ್ಸುಗಳ ಜನ ಜಾಸ್ತಿ, ಸಂಜೆ ಅವರೆಲ್ಲ ಹೋದ ಮೇಲೆ ಅದರ ಚಂದವೇ ಬೇರೆ. ಆದರೆ ವಯಸ್ಸಾದವರು ಜೊತೆಗಿದ್ದು, ಎರಡೇ ರಾತ್ರಿ ಇದ್ದರೆ ಸಿಯೆನಾದಲ್ಲೇ ಉಳಿಯಿರಿ. ಫ್ಲಾರೆನ್ಸಿನಿಂದ ನೇರ ಬಸ್ಸಿದೆ, ರೈಲೂ ಇದೆ. ಸ್ಟೇಷನ್ ಕೆಳಗಿದೆ, ಮೇಲೆ ಹತ್ತಲು ಎಸ್ಕಲೇಟರ್ ಇದೆ. ಸಾನ್ ಜಿಮಿನ್ಯಾನೋಗೆ ಬಸ್ಸಿನಲ್ಲಿ ಹೋಗಿ ಬನ್ನಿ. ಭಾನುವಾರ ಮಾತ್ರ ಬೇಡ, ಬಸ್ಸು ಕಮ್ಮಿ. ಜುಲೈ 2 ಮತ್ತು ಆಗಸ್ಟ್ 16ಕ್ಕೆ ಸಿಯೆನಾದಲ್ಲಿ ಪಾಲಿಯೋ ಕುದುರೆ ಓಟ. ಆ ದಿನಗಳಲ್ಲಿ ರೂಮು ಸಿಗುವುದೇ ಕಷ್ಟ.

ಕಾರು ಬೇಕೇ ಬೇಕು ಅನ್ನುವವರು ಮ್ಯಾಪಿನಲ್ಲಿ ಹೋಟೆಲ್ ಹೆಸರು ಹಾಕಬೇಡಿ, ಪಾರ್ಕಿಂಗ್ ಹೆಸರು ಹಾಕಿ. ಸಿಯೆನಾದಲ್ಲಿ ಸಾಂತಾ ಕತೆರಿನಾ ಪಾರ್ಕಿಂಗ್ ಇದೆ, ಅಲ್ಲಿಂದಲೂ ಎಸ್ಕಲೇಟರ್. ರೂಮು ಕೋಟೆಯೊಳಗಿದ್ದರೆ ಲಗೇಜ್ ಇಳಿಸಲು ಗಾಡಿ ಬಿಡುತ್ತಾರಾ ಅಂತ ಮೊದಲೇ ಕೇಳಿ, ಗಾಡಿ ನಂಬರ್ ಕಳಿಸಿ, ‘ನೋಂದಾಯಿಸಿದ್ದೇವೆ’ ಅಂತ ಬರಹದಲ್ಲಿ ತರಿಸಿಕೊಳ್ಳಿ. ಆಮೇಲೆಯೇ ಆ ಬಾಗಿಲು ದಾಟಿ.