ಚೀಟಿ, ಹರಾಜು, ಡ್ರಾಫ್ಟು: ಮೂರು ವರ್ಷ ಮೂರು ಥರ ಟೀಮ್ ಮಾಡಿ ನೋಡಿದ್ಮೇಲೆ

ನಮ್ ಕಡೆ, ಅಂದ್ರೆ ತಿಪಟೂರು ಅರಸೀಕೆರೆ ನಡುವಿನ ಹಳ್ಳಿಗಳಲ್ಲಿ, ರಾಗಿ ಕುಯ್ಲು ಮುಗಿದು ಕಣದ ಕೆಲ್ಸ ಎಲ್ಲ ಆದ್ಮೇಲೆ ಟೆನಿಸ್ ಬಾಲ್ ಕ್ರಿಕೆಟ್ ಶುರುವಾಗತ್ತೆ. ನಾವೊಂದಷ್ಟು ಜನ ಸೇರ್ಕೊಂಡು ಮೂರು ವರ್ಷದಿಂದ ಒಂದು ಲೀಗ್ ನಡೆಸ್ತಾ ಇದೀವಿ, 6 ಟೀಮು, 8 ಓವರ್ ಮ್ಯಾಚು, ಎಲ್ರೂ ಎಲ್ರ ಜೊತೆ ಒಂದೊಂದ್ಸಲ ಆಡಿ ಮೇಲಿನ ಎರಡು ಟೀಮು ಫೈನಲ್ಲಿಗೆ. ಆಟಗಾರರನ್ನ ಟೀಮಿಗೆ ಹಂಚೋದನ್ನ ಮಾತ್ರ ಮೂರು ವರ್ಷವೂ ಬೇರೆ ಬೇರೆ ಥರ ಮಾಡಿದ್ವಿ. ಮೊದಲ್ನೇ ವರ್ಷ ಚೀಟಿ, ಎರಡ್ನೇ ವರ್ಷ ಹರಾಜು, ಹೋದ್ ವರ್ಷ ಡ್ರಾಫ್ಟು, ಅಂದ್ರೆ ಕ್ಯಾಪ್ಟನ್‌ಗಳು ಸರದಿ ಪ್ರಕಾರ ಒಬ್ಬೊಬ್ರನ್ನ ಆರಿಸ್ಕೊಳ್ಳೋದು. ಪಕ್ಕದೂರಿನ ಹುಡುಗ್ರು ಸಿಕ್ಕಾಗೆಲ್ಲ "ಯಾವ್ದು ಚೆನ್ನಾಗಿರತ್ತೆ ಅಣ್ಣ" ಅಂತ ಕೇಳ್ತಾರೆ, ಒಬ್ಬೊಬ್ರಿಗೂ ನಿಂತ್ಕೊಂಡು ಹೇಳೋ ಬದ್ಲು ಒಂದ್ಸಲ ಕೂತು ಬರೆದ್ಬಿಡೋಣ ಅನ್ಸ್ತು. ನನ್ ಲೆಕ್ಕ ಮೊದಲೇ ಹೇಳ್ಬಿಡ್ತೀನಿ, ಊರಿನ ಲೀಗಿಗೆ ಡ್ರಾಫ್ಟೇ ಸರಿ. ಆದ್ರೆ ಡ್ರಾಫ್ಟಲ್ಲಿ ಕೂತ್ಕೊಂಡು ಯಾರನ್ನ ಆರಿಸ್ಬೇಕು ಅನ್ನೋದು ನಾವು ಅಂದ್ಕೊಂಡಷ್ಟು ಸುಲಭ ಅಲ್ಲ, ಅದಕ್ಕೇ ಇದು ಸ್ವಲ್ಪ ಉದ್ದ ಆಗತ್ತೆ.

ಚೀಟಿ ಬಗ್ಗೆ ಜಾಸ್ತಿ ಹೇಳೋಕೇನಿಲ್ಲ. ಹೆಸ್ರು ಕೊಟ್ಟೋರನ್ನ ಕಮಿಟಿಯವ್ರೇ ಕೂತು ಎ, ಬಿ, ಸಿ ಅಂತ ಮೂರು ಗ್ರೇಡ್ ಮಾಡಿ, ಒಂದೊಂದು ಗ್ರೇಡಿನ ಹೆಸ್ರನ್ನ ಒಂದೊಂದು ಸ್ಟೀಲ್ ಚೊಂಬಿಗೆ ಹಾಕಿ, ಅಂಗನವಾಡಿಗೆ ಹೋಗೋ ಒಂದು ಮಗು ಕೈಲಿ ಎತ್ತಿಸಿದ್ವಿ, 40 ನಿಮಿಷಕ್ಕೆಲ್ಲ ಮುಗೀತು. ಯಾರಿಗೂ ಯಾರ ಮೇಲೂ ಬೇಜಾರಿಲ್ಲ, ಅದು ನಿಜ. ಆದ್ರೆ ಒಂದ್ ಟೀಮಿಗೆ 4 ಜನ ಓಪನರ್‌ಗಳು ಬಂದ್ರು, ಜೋರಾಗಿ ಹಾಕೋ ಬೌಲರ್ ಒಬ್ಬನೂ ಬರ್ಲಿಲ್ಲ. ಎರಡು ಮ್ಯಾಚ್ ಸೋತ್ಮೇಲೆ ಆ ಕ್ಯಾಪ್ಟನ್ ಪ್ರಾಕ್ಟೀಸಿಗೇ ಬರೋದು ಬಿಟ್ಟ, ಕೇಳಿದ್ರೆ "ನಾನ್ ಆರಿಸಿದ್ ಟೀಮಾ ಅದು" ಅಂದ. ಅವನು ಹೇಳಿದ್ರಲ್ಲಿ ತಪ್ಪೇನಿಲ್ಲ. ತಾನೇ ಕಟ್ಟಿದ ಟೀಮ್ ಸೋತ್ರೆ ಆಗೋ ನೋವೇ ಬೇರೆ, ಆ ನೋವಿದ್ರೇನೇ ಕ್ಯಾಪ್ಟನ್ ಬೆಳಗ್ಗೆ ಆರೂವರೆಗೆ ಎದ್ದು ಗ್ರೌಂಡಿಗೆ ಬರೋದು.

ಎರಡ್ನೇ ವರ್ಷ ಹರಾಜು. ಐಪಿಎಲ್ ನೋಡಿ ಬೆಳೆದೋರಿಗೆ ಹರಾಜು ಅಂದ್ರೆ ಅದೊಂದು ಹಬ್ಬಾನೇ, ಸ್ಕೂಲ್ ಹಾಲಲ್ಲಿ ಶಾಮಿಯಾನದೋರ ಕುರ್ಚಿ, ಮೈಕು, ಮಂಡೀಲಿ ಕೆಲ್ಸ ಮಾಡಿ ಕೂಗಿ ಅಭ್ಯಾಸ ಇರೋ ನಮ್ ಮಾವ ಒಬ್ರು ಕೈಗೆ ಮರದ ಸುತ್ತಿಗೆ ಕೊಟ್ವಿ. ಟೀಮಿಗೆ 10,000 ಪಾಯಿಂಟು, ಕ್ಯಾಪ್ಟನ್ ಬಿಟ್ಟು 11 ಜನ ತಗೋಬೇಕು, ಬೇಸ್ ಪ್ರೈಸ್, ಅಂದ್ರೆ ಕೂಗು ಶುರುವಾಗೋ ರೇಟು, 200. ದುಡ್ಡಿಲ್ಲ, ಬರೀ ಪಾಯಿಂಟು. ಇಲ್ಲೊಂದು ಲೆಕ್ಕ ಕಟ್ಟುನಿಟ್ಟಾಗಿ ಇಟ್ಕೊಳ್ಳೇಬೇಕು, ಉಳಿದ ಜಾಗಕ್ಕೆಲ್ಲ ತಲಾ 200 ಎತ್ತಿಟ್ಟು ಮಿಕ್ಕಿದ್ದು ಮಾತ್ರ ಕೂಗೋಕೆ, ಅಂದ್ರೆ ಮೊದಲ್ನೇ ಆಟಗಾರನಿಗೆ ಜಾಸ್ತಿ ಅಂದ್ರೆ 8,000. ಇದನ್ನ ಬೋರ್ಡ್ ಮೇಲೆ ಬರೀತಾ ಹೋಗೋಕೇ ಇಬ್ರು ಬೇಕಾದ್ರು.

ಒಬ್ಬ ಕ್ಯಾಪ್ಟನ್ ಶುರುನಲ್ಲೇ ಒಬ್ಬ ಆಲ್‌ರೌಂಡರ್‌ಗೆ 4,600, ಇನ್ನೊಬ್ಬ ಬ್ಯಾಟ್ಸ್‌ಮನ್‌ಗೆ 2,900 ಕೊಟ್ಟ, ಉಳಿದಿದ್ದು 2,500, ಅದ್ರಲ್ಲಿ 9 ಜನ ಬರ್ಬೇಕು. 5 ಮ್ಯಾಚಲ್ಲಿ ಒಂದೇ ಗೆದ್ದಿದ್ದು. ಇನ್ನೊಬ್ಬ ಅದಕ್ಕೆ ಉಲ್ಟಾ, "ತಡೀರಿ ತಡೀರಿ, ಕೊನೇಲಿ ಅಗ್ಗಕ್ಕೆ ಸಿಗ್ತಾರೆ" ಅಂತ ಕೈ ಎತ್ತದೇ ಕೂತು, ಕೊನೆಗೆ 3,100 ಪಾಯಿಂಟ್ ಮಿಗಿಸ್ಕೊಂಡ, ಆ ಪಾಯಿಂಟು ಉಪ್ಪಿನಕಾಯಿಗೂ ಬರಲ್ಲ. ನಡುವೆ ನಾನ್ ಗಮನಿಸಿದ್ದು ಏನಂದ್ರೆ ಹೆಸ್ರು ಯಾವಾಗ ಬರತ್ತೆ ಅನ್ನೋದ್ರ ಮೇಲೆ ರೇಟ್ ನಿಲ್ಲತ್ತೆ, ಆಟದ ಮೇಲಲ್ಲ. ಒಂದೇ ಥರ ಯಾರ್ಕರ್ ಹಾಕೋ ಇಬ್ರು ಬೌಲರ್‌ಗಳಲ್ಲಿ ಮೊದಲ್ನೇ ಅರ್ಧ ಗಂಟೇಲಿ ಬಂದೋನು 2,100ಕ್ಕೆ ಹೋದ, ಊಟ ಆದ್ಮೇಲೆ ಬಂದೋನು 450ಕ್ಕೆ.

ಹರಾಜನ್ನ ಬುದ್ಧಿವಂತಿಕೆಯಿಂದ ಆಡ್ಬೋದು, ಇಲ್ಲ ಅನ್ನಲ್ಲ. 2024ರ ನವೆಂಬರಲ್ಲಿ ಜೆಡ್ಡಾದಲ್ಲಿ ನಡೆದ ಐಪಿಎಲ್ ಮೆಗಾ ಹರಾಜು ನೆನಪಿಸ್ಕೊಳ್ಳಿ. ಟೀಮಿಗೆ 120 ಕೋಟಿ, ಆರ್‌ಸಿಬಿ ಕೊಹ್ಲಿ, ರಜತ್ ಪಾಟಿದಾರ್, ಯಶ್ ದಯಾಳ್ ಮೂರೇ ಜನನ್ನ ಉಳಿಸ್ಕೊಂಡು 83 ಕೋಟಿ ಇಟ್ಕೊಂಡು ಕೂತಿತ್ತು. ರಿಷಭ್ ಪಂತ್ 27 ಕೋಟಿಗೆ, ಶ್ರೇಯಸ್ ಅಯ್ಯರ್ 26.75 ಕೋಟಿಗೆ ಹೋದ ಹರಾಜಲ್ಲಿ ಇವ್ರು ಕೊಂಡಿದ್ರಲ್ಲಿ ಅತಿ ದುಬಾರಿ ಅಂದ್ರೆ ಹೇಜಲ್‌ವುಡ್, 12.5 ಕೋಟಿ. ಕೆ.ಎಲ್. ರಾಹುಲ್‌ನ ಯಾಕ್ ಬಿಟ್ರು ಅಂತ ಇಡೀ ಕರ್ನಾಟಕ ಬೈತು, ನಾನೂ ಬೈದೆ. 5.75 ಕೋಟಿಗೆ ಕೃಣಾಲ್ ಪಾಂಡ್ಯನ ತಗೊಂಡಾಗ ಯಾರೂ ಕುಣೀಲಿಲ್ಲ, 2025ರ ಜೂನ್ 3ರಂದು ಅಹಮದಾಬಾದ್ ಫೈನಲ್ಲಲ್ಲಿ 4 ಓವರಿಗೆ 17 ರನ್ ಕೊಟ್ಟು 2 ವಿಕೆಟ್ ತೆಗೆದು ಪಂದ್ಯಶ್ರೇಷ್ಠ ಆದೋನು ಅವನೇ. ಹಾಗಂತ ದುಬಾರಿ ಆಟಗಾರ ಅಂದ್ರೇ ತಪ್ಪು ಅಂತಲೂ ಅಲ್ಲ, ಆ ಫೈನಲ್ಲಿಗೆ ಪಂಜಾಬನ್ನ ಕರ್ಕೊಂಡ್ ಬಂದಿದ್ದು ಅದೇ 26.75 ಕೋಟಿ ಶ್ರೇಯಸ್. ಆದ್ರೆ ಅವ್ರ ಹಿಂದೆ ವರ್ಷಗಟ್ಲೆ ಲೆಕ್ಕ ಹಾಕೋ ಜನ ಇದಾರೆ, ಅಣಕು ಹರಾಜು ಮಾಡ್ಕೊಂಡೇ ಬಂದಿರ್ತಾರೆ. ನಮ್ ಕ್ಯಾಪ್ಟನ್‌ಗಳು ಅವತ್ತು ಬೆಳಗ್ಗೆ ಹಾಲು ಹಾಕಿ ನೇರವಾಗಿ ಬಂದೋರು.

ಆದ್ರೂ ಇದ್ಯಾವ್ದೂ ಅಲ್ಲ ನಾನು ಹರಾಜು ಬೇಡ ಅನ್ನೋಕೆ ಕಾರಣ. ಆ ವರ್ಷ 78 ಹೆಸ್ರು ಬಂದಿದ್ವು, ಜಾಗ ಇದ್ದಿದ್ದು 66. ಎಡಗೈ ಸ್ಪಿನ್ ಹಾಕೋ ಒಬ್ಬ ಹುಡ್ಗ, 19 ವರ್ಷ ಇರ್ಬೋದು, ಹೊಸ ಟ್ರ್ಯಾಕ್ ಪ್ಯಾಂಟ್ ಹಾಕ್ಕೊಂಡು ಮೂರನೇ ಸಾಲಲ್ಲಿ ಕೂತಿದ್ದ. ಮಾವ ಅವನ ಹೆಸ್ರು ಕೂಗಿ 200 ಒಂದು ಸಲ, 200 ಎರಡು ಸಲ ಅಂದ್ರು, ಕ್ಯಾಪ್ಟನ್‌ಗಳ ಹತ್ರ ಆಗ್ಲೇ ಜಾಗ ಮುಗಿದಿತ್ತು, ಎಲ್ರೂ ತಲೆ ಬಗ್ಗಿಸಿ ಪಟ್ಟಿ ನೋಡ್ತಾ ಇದ್ರು, ಮೈಕಲ್ಲಿ "ಅನ್‌ಸೋಲ್ಡ್" ಅಂತ ಬಂತು. ಆ ಹುಡ್ಗ ಚಪ್ಪಾಳೆ ತಟ್ಟೋನ ಥರ ಎರಡೂ ಕೈ ಹಾಗೇ ಜೋಡಿಸ್ಕೊಂಡೇ ಇದ್ದ, ಸ್ವಲ್ಪ ಹೊತ್ತಾದ್ಮೇಲೆ ಎದ್ದು ಹೋದ. ಮಾರನೇ ದಿನ ಬೆಳಗ್ಗೆ ಡೈರೀಲಿ ಅವರಮ್ಮ ಕ್ಯಾನ್ ಇಳಿಸ್ತಾ "ನಮ್ ಹುಡುಗನ್ನ ಯಾರೂ ಬೇಡ ಅಂದ್ರಂತಲ್ಲಪ್ಪ, ಏನ್ ಮಾಡ್ದ ಅವ್ನು" ಅಂತ ಕೇಳಿದ್ರು. ಐಪಿಎಲ್ಲಲ್ಲಿ ಅನ್‌ಸೋಲ್ಡ್ ಆದೋರು ವಾಪಸ್ ಬಂದಿದಾರೆ, 2011ರಲ್ಲಿ ಕ್ರಿಸ್ ಗೇಲ್ ಹಾಗೇ ಬಂದು ಆರ್‌ಸಿಬಿಗೆ 608 ರನ್ ಹೊಡೆದ, 2022ರಲ್ಲಿ ಪಾಟಿದಾರನೂ ಬದಲಿ ಆಟಗಾರನಾಗೇ ಬಂದಿದ್ದು. ಅದನ್ನ ಆ ತಾಯಿಗೆ ಹೇಳಿದ್ರೆ ಏನ್ ಪ್ರಯೋಜನ. ಪಕ್ಕದ್ಮನೆಯೋನು 2,100, ನಮ್ಮನೆ ಹುಡ್ಗ 200ಕ್ಕೂ ಬೇಡ, ಇದು ಊರಿನ ಬಾಯಲ್ಲಿ ವರ್ಷಪೂರ್ತಿ ಇರತ್ತೆ.

ಅದಕ್ಕೇ ಹೋದ್ ವರ್ಷ ಡ್ರಾಫ್ಟು. ಕ್ಯಾಪ್ಟನ್‌ಗಳ ಸರದಿ ಚೀಟಿ ಎತ್ತಿ ಗೊತ್ತು ಮಾಡ್ಕೊಂಡು, 1ರಿಂದ 6ರವರೆಗೆ ಒಬ್ಬೊಬ್ರನ್ನ ಆರಿಸೋದು, ಎರಡ್ನೇ ಸುತ್ತಲ್ಲಿ 6ರಿಂದ 1ಕ್ಕೆ ವಾಪಸ್ ಬರೋದು, ಹಾವು ಹರಿದಂಗೆ, ಅದಕ್ಕೇ ಸ್ನೇಕ್ ಡ್ರಾಫ್ಟ್ ಅಂತಾರೆ. ಮೊದಲ್ನೇ ಸರದಿ ಬಂದೋನಿಗೆ 1 ಆದ್ಮೇಲೆ 12, 13 ಸಿಗತ್ತೆ, ಕೊನೆಯೋನಿಗೆ 6, 7 ಒಟ್ಟಿಗೇ. ಒಂದು ಆಯ್ಕೆಗೆ ಒಂದು ನಿಮಿಷ. ಹರಾಜು 5 ಗಂಟೆ ತಿಂದಿತ್ತು, ಇದು ಒಂದೂಕಾಲು ಗಂಟೆ. ನಮ್ ರಾಜ್ಯದ ಟಿ20 ಲೀಗ್ ಮಹಾರಾಜ ಟ್ರೋಫೀನೂ 2022ರ ಮೊದಲ್ನೇ ಸೀಸನ್ನಲ್ಲಿ ಡ್ರಾಫ್ಟ್ ಮಾಡಿತ್ತು, ಮನೀಷ್ ಪಾಂಡೆಯ ಗುಲ್ಬರ್ಗ ಮಿಸ್ಟಿಕ್ಸ್ ಗೆದ್ದಿದ್ದು ಆವಾಗ್ಲೇ, 2023ರಿಂದ ಅವ್ರು ಹರಾಜಿಗೆ ಹೋದ್ರು. ಆಡೋನಿಗೆ ಅದೇ ಜೀವನ ಅಂದ್ಮೇಲೆ ಅವನ ಬೆಲೆ ಬಹಿರಂಗವಾಗಿ ನಿಲ್ಲೋದು ಅವನಿಗೂ ಒಳ್ಳೇದೇ, ನಾಲ್ಕು ಕಾಸು ಜಾಸ್ತಿ ಸಿಗತ್ತೆ. ಒಂದು ಟ್ರೋಫಿ ಮತ್ತೆ ಒಂದು ಟಿ ಶರ್ಟಿಗೆ ಆಡೋರಿಗೆ ಆ ಲಾಭ ಇಲ್ಲ, ಅವಮಾನ ಮಾತ್ರ ಇದೆ.

ಈಗ ನಿಜವಾದ ವಿಷ್ಯ. ಹೋದ್ ವರ್ಷ ನಾನೂ ಒಂದು ಟೀಮಿನ ಕ್ಯಾಪ್ಟನ್, ಸರದಿ 4. ಮೊದಲ್ನೇದಾಗಿ ಒಬ್ಬ ಆಲ್‌ರೌಂಡರ್‌ನ ತಗೊಂಡೆ. 9ನೇ ಆಯ್ಕೆ ಬಂದಾಗ ಪಟ್ಟೀಲಿ ಇನ್ನೂ ಒಬ್ಬ ಬ್ಯಾಟ್ಸ್‌ಮನ್ ಉಳಿದಿದ್ದ, ನಮ್ಮೂರಲ್ಲಿ ಅವನಷ್ಟು ಉದ್ದ ಹೊಡಿಯೋರು ಇನ್ನಿಬ್ರು ಇರ್ಬೋದು ಅಷ್ಟೇ. ಆದ್ರೆ ನನ್ ತಲೇಲಿ "ಕೀಪರ್ ಇಲ್ವಲ್ಲ" ಅನ್ನೋದೇ ಓಡ್ತಿತ್ತು. ಕೀಪರ್‌ನ ತಗೊಂಡೆ. ಮುಂದಿನ ಸರದಿಯೋನು ಆ ಬ್ಯಾಟ್ಸ್‌ಮನ್ ಹೆಸ್ರು ಹೇಳೋಕೆ ಐದು ಸೆಕೆಂಡೂ ತಗೊಳ್ಲಿಲ್ಲ. 40 ಆಯ್ಕೆ ಮುಗಿದಾಗ ನೋಡಿದ್ರೆ ಕೀಪಿಂಗ್ ಮಾಡೋರು ಇನ್ನೂ 3 ಜನ ಉಳಿದಿದ್ರು, ಅವರಲ್ಲೊಬ್ಬ ನಾನ್ ತಗೊಂಡೋನಿಗಿಂತ ಕಮ್ಮಿಯೇನಲ್ಲ. ಆ ಬ್ಯಾಟ್ಸ್‌ಮನ್ ನಮ್ ಮೇಲೇ 22 ಬಾಲಿಗೆ 51 ಹೊಡೆದ, ಎರಡು ಬಾಲು ತೆಂಗಿನ ಮರದ ಸುಳಿ ದಾಟಿ ಕೆರೆ ಏರಿ ಕಡೆ ಹೋದ್ವು.

ದೊಡ್ಡೋರೂ ಇದನ್ನ ಮಾಡಿದಾರೆ. 2008ರಲ್ಲಿ ಮೊದಲ್ನೇ ಐಪಿಎಲ್‌ಗೆ ಸೀನಿಯರ್‌ಗಳದ್ದು ಹರಾಜಾದ್ರೂ ಅಂಡರ್-19 ಹುಡುಗರನ್ನ ಆರಿಸಿದ್ದು ಡ್ರಾಫ್ಟಲ್ಲೇ. ವಿಶ್ವಕಪ್ ಗೆದ್ದ ಅಂಡರ್-19 ಟೀಮಿನ ಕ್ಯಾಪ್ಟನ್, ಡೆಲ್ಲಿ ಹುಡ್ಗ ವಿರಾಟ್ ಕೊಹ್ಲಿ, ಡೆಲ್ಲಿ ಟೀಮಿನ ಎದುರೇ ಇದ್ದ. ಅವ್ರ ಹತ್ರ ಸೆಹ್ವಾಗ್, ಗಂಭೀರ್ ಎಲ್ಲ ಇದ್ರು, ಬ್ಯಾಟಿಂಗ್ ತುಂಬಿತ್ತು, ಬೇಕಾಗಿದ್ದು ಬೌಲರು, ಎಡಗೈ ವೇಗಿ ಪ್ರದೀಪ್ ಸಾಂಗ್ವಾನ್‌ನ ತಗೊಂಡ್ರು. ಕೊಹ್ಲಿ ಬೆಂಗಳೂರಿಗೆ ಬಂದ. 8,000 ದಾಟಿದ ರನ್ನು, 2025ರವರೆಗೇ 18 ಸೀಸನ್ನು, ಚಿನ್ನಸ್ವಾಮೀಲಿ ಆ ಹೆಸ್ರು ಕೂಗ್ತಾ ಗಂಟಲು ಕಟ್ಟಿಸ್ಕೊಂಡ ಒಂದಿಡೀ ತಲೆಮಾರು, ಎಲ್ಲ ಆ ಒಂದು ಆಯ್ಕೆಯಿಂದ. ಅಮೆರಿಕದ ಬಾಸ್ಕೆಟ್‌ಬಾಲಲ್ಲೂ 1984ರ ಡ್ರಾಫ್ಟಲ್ಲಿ ಪೋರ್ಟ್‌ಲ್ಯಾಂಡ್ ಟೀಮು ಹಿಂಗೇ ಮಾಡ್ತು, ಮೈಕೆಲ್ ಜೋರ್ಡನ್ ಆಡೋ ಜಾಗಕ್ಕೆ ಹಿಂದಿನ ವರ್ಷ ತಗೊಂಡ ಕ್ಲೈಡ್ ಡ್ರೆಕ್ಸ್‌ಲರ್ ಇದಾನಲ್ಲ ಅಂತ ಎರಡ್ನೇ ಆಯ್ಕೇಲಿ ಎತ್ತರದ ಸ್ಯಾಮ್ ಬೋವಿನ ಆರಿಸ್ತು, ಮೂರ್ನೇದ್ರಲ್ಲಿ ಶಿಕಾಗೋಗೆ ಸಿಕ್ಕಿದ ಜೋರ್ಡನ್ ಆಮೇಲೆ ಆ ಆಟದ ದೊಡ್ಡ ಹೆಸ್ರಾದ.

ಹಾಗಾದ್ರೆ ಯಾವಾಗ್ಲೂ ಇರೋರಲ್ಲಿ ಒಳ್ಳೆಯೋನ್ನೇ ತಗೊಂಡ್ಬಿಡೋದಾ? ನಾನೂ ಡ್ರಾಫ್ಟ್ ಮುಗಿದ ರಾತ್ರಿ ಹಂಗೇ ಅಂದ್ಕೊಂಡೆ, ಈಗ ಅದೂ ಪೂರ್ತಿ ಸರಿ ಅನ್ಸಲ್ಲ. ಕೇಳ್ಕೋಬೇಕಾದ್ದು ಒಂದೇ, ಈಗ ಬಿಟ್ರೆ ನನ್ ಮುಂದಿನ ಸರದಿಗೆ ಇಂಥೋನು ಇನ್ನೊಬ್ಬ ಉಳಿದಿರ್ತಾನಾ? 9 ಆದ್ಮೇಲೆ ನನ್ ಸರದಿ 16, ನಡುವೆ ಹೋಗೋದು 6 ಜನ. ಕೀಪರ್‌ಗಳು ಸುಮಾರು ಒಂದೇ ಮಟ್ಟದೋರು ನಾಲ್ಕೈದು ಜನ ಇದ್ರು, ಅಂದ್ರೆ ಕಾಯ್ಬೋದಿತ್ತು. ಅಂಥ ಬ್ಯಾಟ್ಸ್‌ಮನ್ ಅವನೊಬ್ಬನೇ, ಕಾಯೋ ಹಾಗಿರ್ಲಿಲ್ಲ. ಇದೇ ಲೆಕ್ಕ ಅರ್ಥ ಆಗಿ 21ನೇ ಆಯ್ಕೇಲಿ ಸರಿಯಾಗಿ ಮಾಡಿದೆ, ಪಟ್ಟೀಲಿ ಎಡಗೈ ಸ್ಪಿನ್ನರ್ ಅಂತ ಉಳಿದಿದ್ದು ಒಬ್ಬನೇ, ಹಿಂದಿನ ವರ್ಷ ಮೈಕಲ್ಲಿ ಅನ್‌ಸೋಲ್ಡ್ ಅನ್ನಿಸ್ಕೊಂಡ ಅದೇ ಹುಡ್ಗ. ರೈಟ್ ಹ್ಯಾಂಡ್ ಮೀಡಿಯಂ ಪೇಸ್ ಹಾಕೋರು ರಾಶಿ ಇದ್ರು, ಅವ್ರು 28ಕ್ಕೂ ಸಿಗ್ತಿದ್ರು. ಆ ಹುಡ್ಗ 5 ಮ್ಯಾಚಲ್ಲಿ 9 ವಿಕೆಟ್ ತೆಗೆದ.

ಯಾರು ಒಳ್ಳೆಯೋನು ಅಂತ ಗೊತ್ತಾಗೋದು ಹೇಗೆ ಅನ್ನೋದು ಇನ್ನೊಂದು ಕಷ್ಟ. ಕ್ರಿಕ್‌ಹೀರೋಸ್ ಆಪಲ್ಲಿ ರನ್ನು ವಿಕೆಟ್ಟು ಎಲ್ಲ ಸಿಗತ್ತೆ, ಆದ್ರೆ ಯಾವ ಗ್ರೌಂಡು, ಎದುರು ಯಾರು ಹಾಕ್ತಿದ್ರು ಅಂತ ನೋಡ್ದೇ ನಂಬಿದ್ರೆ ಕೆಟ್ವಿ. ಅಮೆರಿಕದ ಫುಟ್‌ಬಾಲಲ್ಲಿ ಓಟ, ಜಿಗಿತ ಎಲ್ಲ ಅಳೆದೇ ಆರಿಸ್ತಾರೆ, ಆದ್ರೂ 2000ದಲ್ಲಿ ಟಾಮ್ ಬ್ರೇಡಿ 199ನೇ ಆಯ್ಕೆವರೆಗೂ ಉಳಿದಿದ್ದ, ಆಮೇಲೆ 7 ಸೂಪರ್ ಬೌಲ್, ಅಂದ್ರೆ ಅಲ್ಲಿನ ಲೀಗ್ ಫೈನಲ್, ಗೆದ್ದ. ನನಗೆ ಕೆಲ್ಸಕ್ಕೆ ಬಂದಿದ್ದು ಡ್ರಾಫ್ಟಿಗೆ ಮುಂಚಿನ ನಾಲ್ಕು ಭಾನುವಾರ ಗ್ರೌಂಡಲ್ಲಿ ನೋಟ್‌ಬುಕ್ ಹಿಡಿದು ನಿಂತಿದ್ದು. ಮಂಜಲ್ಲೂ ಬಂದೋರು ಯಾರು, ಕ್ಯಾಚ್ ಬಿಟ್ಮೇಲೆ ಮುಂದಿನ ಬಾಲಿಗೆ ಯಾರು ಮುಂದಕ್ಕೆ ಬಂದು ನಿಲ್ತಾರೆ, ಇಷ್ಟೇ ಬರ್ಕೊಂಡಿದ್ದು. ಕೊನೇ ಸುತ್ತುಗಳಲ್ಲಿ ಅದೇ ಕೈ ಹಿಡೀತು.

ಡ್ರಾಫ್ಟಲ್ಲೂ ಕೊನೆಗೆ ಉಳಿಯೋನು ಒಬ್ಬ ಇರ್ತಾನೆ, ಅದು ಅನ್‌ಸೋಲ್ಡ್‌ಗಿಂತ ಬೇರೆ ಏನಲ್ಲ. ಅದಕ್ಕೆ ನಾವು ಕ್ಯಾಪ್ಟನ್ ಸೇರಿ ಟೀಮಿಗೆ 13 ಜನ ಅಂತ ಮಾಡಿ ಹೆಸ್ರು ಕೊಟ್ಟ 78 ಜನಕ್ಕೂ ಜಾಗ ಮಾಡಿದ್ವಿ, 9 ಸುತ್ತು ಡ್ರಾಫ್ಟು, ಕೊನೇ 3 ಸುತ್ತು ಮತ್ತೆ ಆ ಸ್ಟೀಲ್ ಚೊಂಬು. ಗೋಡೆಗೆ ಅಂಟಿಸಿದ ಪಟ್ಟೀಲಿ ಹೆಸ್ರು ಅಕಾರಾದಿ, ಯಾರು ಎಷ್ಟನೇ ಆಯ್ಕೆ ಅಂತ ಹೊರಗಿನೋರಿಗೆ ಗೊತ್ತಾಗಲ್ಲ.

ಇನ್ನೂ ಸರಿ ಹೋಗದೇ ಇರೋದು ಒಂದಿದೆ. ಒಂದೇ ಮನೆ ಅಣ್ಣ ತಮ್ಮ ಬೇರೆ ಬೇರೆ ಟೀಮಿಗೆ ಬಿದ್ರು, ಮನೇಲಿರೋದು ಒಂದೇ ಬೈಕು, ಮ್ಯಾಚು ಬೇರೆ ಬೇರೆ ದಿನ, ತಮ್ಮ ಎರಡು ಮ್ಯಾಚಿಗೆ ಬರೋಕೇ ಆಗ್ಲಿಲ್ಲ. ಈ ಸಲ ಅಂಥೋರು ಜೋಡಿ ಅಂತ ಹೆಸ್ರು ಕೊಡ್ಬೋದು, ಒಬ್ಬನ್ನ ತಗೊಂಡ ಕ್ಯಾಪ್ಟನ್ ಮುಂದಿನ ಸರದೀಲಿ ಇನ್ನೊಬ್ಬನ್ನ ತಗೊಳ್ಳೇಬೇಕು. ಸಂಕ್ರಾಂತಿ ಮಾರನೇ ದಿನದಿಂದ ಹೆಸ್ರು ಬರ್ಕೊಳ್ತೀವಿ, ಆಗ್ಲೇ 3 ಜೋಡಿ ಬಂದು ಕೇಳಿ ಹೋಗಿದಾರೆ.