ಒಟಿಪಿ ಐಸಿಯು ಬಾಗಿಲಲ್ಲಿತ್ತು

ನಿಮ್ಮ ಆಫೀಸಿನ ರೌಟರ್ ಹಿಂದೆ ಒಂದು ಸಣ್ಣ ತೂತು ಇರುತ್ತೆ, ನೋಡಿ. ಪಿನ್ ಹಾಕಿ ಒತ್ತುವ ತೂತು. ಗೊತ್ತಿಲ್ಲದೆ ಅದನ್ನು ಒತ್ತಬೇಡಿ. ನಾನು ಒತ್ತಿದೆ.

ದಾವಣಗೆರೆಯಲ್ಲಿ ನಮ್ಮದೊಂದು ಸಣ್ಣ ಟ್ಯಾಕ್ಸ್ ಆಫೀಸ್. ಏಳು ಜನ, ಆರು ಕಂಪ್ಯೂಟರ್, ಮೂಲೆಯಲ್ಲೊಂದು ಸರ್ವರ್. ಅಕ್ಕಿ ಮಿಲ್, ಬಟ್ಟೆ ಅಂಗಡಿ, ಮಂಡಿ ವ್ಯಾಪಾರಿಗಳ ಲೆಕ್ಕ ಎಲ್ಲ ಆ ಸರ್ವರ್‌ನ ಟ್ಯಾಲಿ ಅನ್ನುವ ಲೆಕ್ಕದ ಸಾಫ್ಟ್‌ವೇರ್‌ನಲ್ಲಿ. ಅದನ್ನೆಲ್ಲ ನೋಡಿಕೊಳ್ಳುವವನು ಒಬ್ಬನೇ. ಒಂಬತ್ತು ವರ್ಷದಿಂದ ಇದ್ದಾನೆ. ಇಂಟರ್‌ನೆಟ್ ಹೋದರೂ ಅವನೇ, ಪ್ರಿಂಟರ್ ಮುನಿಸಿಕೊಂಡರೂ ಅವನೇ. ಒಂದು ಫೋನ್ ಮಾಡಿದರೆ ಸರಿಯಾಗುತ್ತಿತ್ತು. ಹೇಗೆ ಸರಿಯಾಯಿತು ಅಂತ ನಾನು ಒಮ್ಮೆಯೂ ಕೇಳಿರಲಿಲ್ಲ.

ಕಳೆದ ವರ್ಷ ಜುಲೈ 16ರ ರಾತ್ರಿ ಬೈಕಿಗೆ ಲಾರಿ ತಾಗಿ ಅವನು ಐಸಿಯು ಸೇರಿದ. ಫೋನ್ ಚೂರುಚೂರು. 18ರ ಬೆಳಿಗ್ಗೆ ಕರೆಂಟ್ ಹೋಗಿ ಬಂತು, ಇಂಟರ್‌ನೆಟ್ ಬರಲಿಲ್ಲ. ತಿಂಗಳ 20 ಅಂದರೆ ತಿಂಗಳಿಗೊಮ್ಮೆ ಜಿಎಸ್‌ಟಿ ಕಟ್ಟುವವರಿಗೆಲ್ಲ ಗೊತ್ತು, 3ಬಿ ಅನ್ನುವ ತೆರಿಗೆ ರಿಟರ್ನ್‌ಗೆ ಕೊನೆ ದಿನ. ಇನ್ನೂ ಹದಿನಾಲ್ಕು ಜನರದ್ದು ಬಾಕಿ ಇತ್ತು. ಆ ಅವಸರದಲ್ಲಿ ಮೊಬೈಲಿನ ಸಿಮ್ ಪಿನ್ ತಗೊಂಡು ಆ ತೂತಿಗೆ ಹಾಕಿ ಹತ್ತು ಎಣಿಸಿದೆ. ದೀಪಗಳೆಲ್ಲ ಆರಿ ಮತ್ತೆ ಹತ್ತಿದವು. ಒಂದು ಮಾತ್ರ ಕೆಂಪಗೇ ಉಳಿಯಿತು.

ರೌಟರ್ ಒಳಗೆ ಇಂಟರ್‌ನೆಟ್ ಕಂಪನಿ ಕೊಟ್ಟ ಯೂಸರ್‌ನೇಮ್, ಪಾಸ್‌ವರ್ಡ್ ಇರುತ್ತವಂತೆ. ರೀಸೆಟ್ ಮಾಡಿದರೆ ಅದೂ ಅಳಿಸಿಹೋಗುತ್ತೆ. ಇನ್ನೊಂದು ಅನಾಹುತವೂ ಆಗಿತ್ತು. ನೆಟ್‌ವರ್ಕಿನಲ್ಲಿ ಪ್ರತಿ ಕಂಪ್ಯೂಟರಿಗೂ ಮನೆ ವಿಳಾಸದಂಥ ಒಂದು ನಂಬರ್ ಇರುತ್ತೆ. ಅವನು ನೆಟ್‌ವರ್ಕನ್ನು 192.168.10 ಅಂತ ಶುರುವಾಗುವ ನಂಬರಿನಲ್ಲಿ ಕೂರಿಸಿದ್ದ. ರೀಸೆಟ್ ಆದ ರೌಟರ್ 192.168.1ಕ್ಕೆ ಹೋಯಿತು. ಅದರ ಹಿಂದೆ ಬೇರೆ ಕಂಪ್ಯೂಟರ್‌ಗಳೂ ಹೋದವು. ಸರ್ವರ್ ಒಂದೇ ಹಳೇ ನಂಬರಿನಲ್ಲಿ ಒಂಟಿಯಾಗಿ ಉಳಿಯಿತು. ಬೇರೆ ಕಂಪ್ಯೂಟರ್‌ಗಳಿಗೆ ಸರ್ವರ್ ಕಾಣದೆ, ಟ್ಯಾಲಿಗೆ ಲೈಸೆನ್ಸ್ ಸಿಗದೆ ಎಜುಕೇಶನಲ್ ಮೋಡ್ ಅಂತ ತೋರಿಸತೊಡಗಿತು. ಆ ಮೋಡ್‌ನಲ್ಲಿ ತಿಂಗಳಿನ ಕೆಲವೇ ತಾರೀಕುಗಳಿಗೆ ಮಾತ್ರ ಎಂಟ್ರಿ ಹಾಕಬಹುದು. ಅಲ್ಲಿಗೆ ಡೇಟಾ ಎಲ್ಲ ಹೋಯ್ತು ಅಂತಲೇ ನಾವು ಅಂದುಕೊಂಡೆವು.

ಇಂಟರ್‌ನೆಟ್ ಕಂಪನಿಗೆ ಫೋನ್ ಮಾಡಿದೆ. ‘ರಿಜಿಸ್ಟರ್ಡ್ ನಂಬರಿಗೆ ಒಟಿಪಿ ಕಳಿಸಿದ್ದೇವೆ, ಹೇಳಿ ಸರ್’ ಅಂದರು. ಬಿಲ್ ನನ್ನ ಹೆಸರಲ್ಲಿ ಬರುತ್ತೆ, ದುಡ್ಡು ನಾನು ಕಟ್ಟುತ್ತೇನೆ. ನಂಬರ್ ಮಾತ್ರ ಅವನದು.

ಮುಂದೆ ಮಾಡಿದ್ದನ್ನು ಬರೆಯಲು ನಾಚಿಕೆಯಾಗುತ್ತೆ. ಅವನ ಹೆಂಡತಿಗೆ ಫೋನ್ ಮಾಡಿ, ಒಡೆದ ಫೋನಿನ ಸಿಮ್ ತೆಗೆದು ಬೇರೆ ಫೋನಿಗೆ ಹಾಕಲು ಹೇಳಿದೆ. ಅವರು ಐಸಿಯು ಬಾಗಿಲಲ್ಲಿ ನಿಂತಿದ್ದರು. ಸಿಮ್ ನೆಟ್‌ವರ್ಕ್ ಹಿಡಿಯುವಷ್ಟರಲ್ಲಿ ಮೊದಲ ಒಟಿಪಿಯ ಟೈಮ್ ಮುಗಿದಿತ್ತು. ಎರಡನೆಯದನ್ನು ಒಂದೊಂದೇ ಅಂಕಿಯಾಗಿ ಓದಿ ಹೇಳಿದರು. ಒಟಿಪಿ ಯಾರಿಗೂ ಹೇಳಬೇಡಿ ಅಂತ ಬ್ಯಾಂಕ್‌ನವರು ದಿನಾ ಮೆಸೇಜ್ ಕಳಿಸುತ್ತಾರಲ್ವಾ? ನಾನು ಎಂಥ ಹೊತ್ತಲ್ಲಿ ಯಾರಿಂದ ಹೇಳಿಸಿಕೊಂಡೆ ನೋಡಿ.

ಅಲ್ಲಿಗೂ ಮುಗಿಯಲಿಲ್ಲ. ಮೂರು ಗಿರಾಕಿಗಳ ಜಿಎಸ್‌ಟಿ ಪೋರ್ಟಲ್‌ನಲ್ಲೂ ಅವನದೇ ನಂಬರ್ ಇತ್ತು. ನೋಂದಣಿ ಮಾಡುವಾಗ ಗಿರಾಕಿ ಫೋನ್ ಎತ್ತಲಿಲ್ಲ ಅಂತ ತನ್ನದನ್ನು ಹಾಕಿದ್ದನಂತೆ. ಮರುದಿನ ಮತ್ತೆ ಫೋನ್ ಮಾಡಿದೆ. ಮೂರನೇ ಸಲ ಎತ್ತಿದ್ದು ಅವನ ಭಾಮೈದ. ‘ಸಾರ್, ಭಾವ ಹೇಗಿದ್ದಾರೆ ಅಂತ ಒಂದ್ಸಲ ಕೇಳಿ. ಆಮೇಲೆ ಒಟಿಪಿ ಕೇಳಿ.’

ಕೊನೆಗೆ ಪರಿಚಯದ ಅಂಗಡಿಯ ಹುಡುಗನೊಬ್ಬ ಬಂದು ಸರ್ವರ್ ಡಬ್ಬಿಯನ್ನು ತಿರುಗಿಸಿ ನೋಡಿದ. ತಳದಲ್ಲಿ ಮಾಸಿಹೋದ ಚೀಟಿ, ಅದರ ಮೇಲೆ ನಮ್ಮವನ ಕೈಬರಹದಲ್ಲಿ ‘10.5’ ಅಂತ ಇತ್ತು, ಅಂದರೆ ಸರ್ವರಿನ ನಂಬರಿನ ಕೊನೆಯ ಭಾಗ. ಅಷ್ಟರಿಂದಲೇ ರೌಟರನ್ನು ಹಳೇ ನಂಬರಿಗೆ ತಂದ. ಎಲ್ಲ ಕಂಪ್ಯೂಟರ್‌ಗಳಲ್ಲೂ ಟ್ಯಾಲಿ ತೆರೆಯಿತು. ಡೇಟಾ ಎಲ್ಲಿಗೂ ಹೋಗಿರಲಿಲ್ಲ. ಹೋಗಿದ್ದರೆ ಕಥೆ ಮುಗಿದಿತ್ತು. ಬ್ಯಾಕಪ್ ಹಾರ್ಡ್‌ಡಿಸ್ಕ್ ತೆರೆದು ನೋಡಿದರೆ ಕೊನೆಯ ಫೋಲ್ಡರ್ ಮಾರ್ಚ್‌ನದು! ಏಪ್ರಿಲ್‌ನಲ್ಲಿ ಯಾವುದೋ ವಿಂಡೋಸ್ ಪಾಸ್‌ವರ್ಡ್ ಬದಲಾಗಿ, ರಾತ್ರಿ ತಾನಾಗಿ ನಡೆಯಬೇಕಿದ್ದ ಬ್ಯಾಕಪ್ ನಿಂತುಹೋಗಿತ್ತು. ಡಿಸ್ಕಿನ ಹಸಿರು ದೀಪ ಮಾತ್ರ ಸುಮ್ನೆ ಮಿಣುಕುತ್ತಿತ್ತು. ಅದನ್ನು ನೋಡಿ ನಾನು ನೆಮ್ಮದಿಯಾಗಿದ್ದೆ.

ಹದಿನಾಲ್ಕೂ ರಿಟರ್ನ್ 23ಕ್ಕೆ ಹೋದವು. ಒಬ್ಬೊಬ್ಬರಿಗೆ ದಿನಕ್ಕೆ 50 ರೂಪಾಯಿಯಂತೆ ಲೇಟ್ ಫೀ, ಮೂರು ದಿನಕ್ಕೆ ಹದಿನಾಲ್ಕು ಜನರದ್ದು ಸೇರಿ 2,100. ಅದಲ್ಲದೆ ತಡವಾಗಿ ಕಟ್ಟಿದ ತೆರಿಗೆಗೆ ವರ್ಷಕ್ಕೆ 18 ಪರ್ಸೆಂಟ್ ಲೆಕ್ಕದಲ್ಲಿ ಬಡ್ಡಿ. ಎಲ್ಲ ನಾನೇ ಕೊಟ್ಟೆ. ಆದರೂ ಒಬ್ಬ ಹಳೇ ಗಿರಾಕಿ ಬಿಟ್ಟುಹೋದರು.

‘ಅವನು ಪಾಸ್‌ವರ್ಡ್ ಬರೆದಿಟ್ಟಿರಲಿಲ್ವಾ?’ ಅಂತ ಎಲ್ಲರೂ ಕೇಳುತ್ತಾರೆ. ಬರೆದಿಟ್ಟಿದ್ದ, ಅವನ ಲ್ಯಾಪ್‌ಟಾಪಿನ ಎಕ್ಸೆಲ್ ಫೈಲಿನಲ್ಲಿ. ಲ್ಯಾಪ್‌ಟಾಪಿನ ಪಾಸ್‌ವರ್ಡ್ ಅವನ ತಲೆಯಲ್ಲಿತ್ತು. ತಪ್ಪು ಅವನದಲ್ಲ. ಬರೆದುಕೊಡು ಅಂತ ನಾನು ಕೇಳಬೇಕಿತ್ತು, ಅದಕ್ಕೆ ಒಂದು ದಿನ ಬಿಡುವೂ ಕೊಡಬೇಕಿತ್ತು. ಬರೀ ಪಾಸ್‌ವರ್ಡ್ ಇದ್ದರೂ ಪ್ರಯೋಜನ ಕಡಿಮೆ. ಈಗ ಬೀಗದ ಕೈ ಅಂದರೆ ಫೋನ್ ನಂಬರೇ.

ಅದಕ್ಕೇ ಈಗ ಆಫೀಸಿನದೇ ಒಂದು ಸಿಮ್ ತಗೊಂಡು ಕೀಪ್ಯಾಡ್ ಫೋನಿಗೆ ಹಾಕಿ ಡ್ರಾಯರ್‌ನಲ್ಲಿ ಇಟ್ಟಿದ್ದೇವೆ. ಇಂಟರ್‌ನೆಟ್, ಮೇಲ್, ವೆಬ್‌ಸೈಟ್ ಹೆಸರು, ಟ್ಯಾಲಿ ಖಾತೆ ಎಲ್ಲ ಆ ನಂಬರಿಗೆ ಬದಲಾಯಿಸಿದೆವು. ಸಿಮ್ 90 ದಿನ ಬಳಸದೆ ಬಿಟ್ಟರೆ ಸತ್ತುಹೋಗಬಹುದು, ಅದಕ್ಕೆ ವಾರಕ್ಕೊಮ್ಮೆ ಅದರಿಂದಲೇ ಟೀ ಅಂಗಡಿಗೆ ಫೋನ್. ಗಿರಾಕಿಗಳ ಪೋರ್ಟಲ್‌ನಲ್ಲಿ ಅವರವರದೇ ನಂಬರ್ ಹಾಕಿಸಿದೆವು. ಗೂಗಲ್ ಮೇಲ್‌ಗೆ ಫೋನ್ ಕೈಯಲ್ಲಿಲ್ಲದಾಗ ಒಳಹೋಗಲು ಹತ್ತು ಬ್ಯಾಕಪ್ ಕೋಡ್ ಕೊಡುತ್ತಾರೆ, ಒಂದೊಂದೂ ಒಂದೇ ಸಲಕ್ಕೆ. ಪ್ರಿಂಟ್ ಹಾಕಿ ಲಾಕರ್‌ನಲ್ಲಿ ಇಡಿ. ಟ್ಯಾಲಿ ಡೇಟಾಗೆ ಬೀಗ ಹಾಕುವ ಟ್ಯಾಲಿ ವಾಲ್ಟ್ ಪಾಸ್‌ವರ್ಡ್ ಹಾಕಿದ್ದರೆ ಅದನ್ನಂತೂ ಇವತ್ತೇ ಬರೆದಿಡಿ. ಮರೆತರೆ ಟ್ಯಾಲಿಯವರೂ ತೆಗೆದುಕೊಡಲಾರರು. ಇದ್ಯಾವುದನ್ನೂ ವಾಟ್ಸಾಪ್ ಗುಂಪಿನಲ್ಲಿ ಮಾತ್ರ ಹಾಕಬೇಡಿ.

ನಮ್ಮವನು ಎರಡು ತಿಂಗಳ ನಂತರ ಕೋಲು ಹಿಡಿದು ಬಂದ. ಎರಡು ವಾರ ಕೂತು ನೋಟ್‌ಬುಕ್ ಬರೆದ. ಈಗ ತಿಂಗಳಿಗೊಂದು ಶನಿವಾರ ಅವನನ್ನು ಎದುರಿನ ಟೀ ಅಂಗಡಿಯಲ್ಲಿ ಕೂರಿಸುತ್ತೇವೆ, ಫೋನ್ ಆಫ್. ಒಳಗೆ ನಾವು ಬ್ಯಾಕಪ್‌ನಿಂದ ಒಂದು ಕಂಪನಿಯ ಲೆಕ್ಕ ತೆರೆಯಬೇಕು, ರೌಟರ್ ಸರಿಮಾಡಬೇಕು. ಮೊದಲ ಶನಿವಾರ ರೌಟರ್‌ಗೆ ಐವತ್ತು ನಿಮಿಷ ಹಿಡಿಯಿತು. ನೋಟ್‌ಬುಕ್ಕಿನ ಮೂರನೇ ಪುಟದಲ್ಲಿ ಬರೆದದ್ದು ಸೊನ್ನೆಯೋ ಇಂಗ್ಲಿಷಿನ ‘ಓ’ ಅಕ್ಷರವೋ ಅಂತ ನಾವು ಜಗಳ ಆಡುತ್ತಿದ್ದೆವು. ಅವನು ಟೀ ಕುಡಿಯುತ್ತ ಕಿಟಕಿಯಿಂದ ನೋಡುತ್ತಿದ್ದ.